ನಾಯಿಮೇಷ್ಟ್ರು ಮತ್ತು ಎರಡನೇ ಸೂಜಿ

ಊರಂಚಿನ ಬಯಲಿನಲ್ಲಿ ಕಾವಲುನಾಯಿಗಳಿಗೆ ಪಾಠ ಹೇಳುತ್ತಿದ್ದ ಮುದುಕರನ್ನು ಬೀದಿಯವರೆಲ್ಲ ನಾಯಿಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಅವರಿಗೂ ಅದರಿಂದ ಬೇಸರವಿರಲಿಲ್ಲ. “ನನ್ನ ಶಿಷ್ಯರೇ ವಾಸಿ ಕಣ್ರಯ್ಯ, ಹೇಳಿದ್ದು ಕೇಳ್ತಾರೆ” ಎಂದು ನಗುತ್ತಿದ್ದರು. ಬೆಳಗ್ಗೆ ಕಣ್ಣುಬಿಟ್ಟೊಡನೆ ದೇವರಿಗೆ ಒಂದು ಮಾತು, ಆಮೇಲೆ ನಾಯಿಗಳಿಗೆ ನೂರು ಮಾತು. ಎಂಥ ಕಚ್ಚುವ ನಾಯಿಯ ಮುಂದೆಯೂ ನಡುಗದ ಆ ಮನುಷ್ಯ ಹೆದರುತ್ತಿದ್ದದ್ದು ಒಂದೇ ಜೀವಕ್ಕೆ: ನಿಂತಲ್ಲಿ ನಿಲ್ಲದ ಐದು ವರ್ಷದ ಮೊಮ್ಮಗಳಿಗೆ. ಅವಳನ್ನು ಎಲ್ಲರೂ ಗಿರಗಿಟ್ಲೆ ಎನ್ನುತ್ತಿದ್ದರು.

ಗಿರಗಿಟ್ಲೆ ಮುನಿಸಿಕೊಂಡರೆ ಮೇಷ್ಟ್ರಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅದಕ್ಕೇ ಅವಳ ದಡಾರದ ಎರಡನೇ ಸೂಜಿ ಆಗಲೇ ಎರಡು ಸಲ ತಪ್ಪಿತ್ತು. ಮೊದಲ ಸಲ ಬಸ್ಸು ತಪ್ಪಿತು ಎಂದರು. ಆ ಬಸ್ಸಿನ ಕಂಡಕ್ಟರು ಸ್ವಂತ ಮಗಳೇ ಎಂಬುದು ಹೇಳಿ ಮುಗಿಸಿದ ಮೇಲೆ ನೆನಪಾಯಿತು. ಎರಡನೇ ಸಲ ನಾಯಿಗೆ ಹೊಟ್ಟೆ ಕೆಟ್ಟಿದೆ ಎಂದರು. ನಾಯಿ ಗುಂಡುಕಲ್ಲಿನ ಹಾಗಿತ್ತು.

ಮೂರನೇ ಸಲ ಮಗಳು ಜಗ್ಗಲಿಲ್ಲ. ಖಾಕಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಕೇಳಿದಳು: “ಅಪ್ಪಾ, ಇವತ್ತು ಯಾವ ನಾಯಿಗೆ ಹೊಟ್ಟೆನೋವು?”

“ಯಾಕೆ ತಾಯಿ ಹಂಗಂತೀಯ?”

“ಇನ್ನೇನು ಅನ್ಲಿ? ಮರಿಗಳಿಗೆ ಸೂಜಿ ಹಾಕ್ಸೋದನ್ನ ಒಂದು ದಿನಾನೂ ತಪ್ಪಿಸಲ್ಲ. ನೀನೇ ಅವುಗಳ ಬಾಯಿ ಹಿಡ್ಕೊಂಡು ನಿಂತಿರ್ತೀಯ. ಮೊಮ್ಮಗಳು ಅಂದ್ರೆ ಮಾತ್ರ ನೆಪ ಹುಡುಕ್ತೀಯ.”

“ನಾಯಿಮರಿ ಸಂಜೆಗೆ ಮರೆಯುತ್ತೆ ಕಣೇ. ಇವಳು ಮರೀತಾಳಾ? ಹೋದ ವರ್ಷ ಬೇರೆ ಯಾವ್ದೋ ಸೂಜಿಗೆ ನೀನು ಹಿಡ್ಕೊಂಡೆ ಅಂತ ಎಷ್ಟು ದಿನ ನಿನ್ನ ಪಕ್ಕ ಮಲಗಲಿಲ್ಲ, ನೆನಪಿಲ್ವಾ?”

“ಮಲಗದಿದ್ರೆ ಬೇಡ, ಚೆನ್ನಾಗಿದ್ರೆ ಸಾಕು. ಪಕ್ಕದ ಮನೆ ಕೂಸಿಗೆ ಈ ಸೂಜಿ ಹಾಕೋ ವಯಸ್ಸೇ ಆಗಿಲ್ಲ. ಇವಳು ದಿನಾ ಹೋಗಿ ಅದರ ಕೆನ್ನೆ ಮೂಸ್ತಾಳೆ. ನಾಳೆ ದಡಾರ ಹೊತ್ಕೊಂಡು ಹೋದ್ರೆ?”

ಮೇಷ್ಟ್ರು ಮೊಮ್ಮಗಳ ಚಪ್ಪಲಿ ಹುಡುಕಿ ತಂದರು. ಮಗಳು ಕೆಲಸಕ್ಕೆ ಹೊರಟಳು. ತಾತ ಮೊಮ್ಮಗಳು ಆಸ್ಪತ್ರೆಯ ದಾರಿ ಹಿಡಿದರು.

ಒಳಗೆ ಉದ್ದನೆಯ ಬೆಂಚು, ಮಕ್ಕಳನ್ನು ತೂಗುವ ತಕ್ಕಡಿ, ಎಷ್ಟೋ ತಾಯಂದಿರ ತಲೆ ಒರಗಿ ಎಣ್ಣೆಕಪ್ಪಾದ ಹಸಿರು ಗೋಡೆ. ಒಂದು ಕೂಸು ರಾಗ ತೆಗೆದರೆ ಉಳಿದವು ಶ್ರುತಿ ಸೇರಿಸುತ್ತಿದ್ದವು.

“ತಾತ, ಅವ್ರೆಲ್ಲ ಯಾಕೆ ಅಳ್ತಿದಾರೆ?”

“ಹಾಡ್ತಿದಾರೆ ಮಗಾ.”

“ಚೆನ್ನಾಗಿ ಹಾಡಲ್ಲ.”

ಮೇಷ್ಟ್ರು ಮೆಲ್ಲಗೆ ಬಾಗಿಲ ಕಡೆ ಜರುಗಿದ್ದನ್ನು ನರ್ಸಮ್ಮ ಕಂಡುಬಿಟ್ಟಳು. “ಏನ್ ಮೇಷ್ಟ್ರೇ, ಆ ಕಡೆ ಹೊರಟ್ರಿ?”

“ಸ್ವಲ್ಪ ಗಾಳಿ ಬೇಕಿತ್ತಮ್ಮ. ಅಲ್ಲ, ಒಂದು ಸಲ ಹಾಕಾಗಿದೆಯಲ್ಲ? ಎಷ್ಟು ಗಟ್ಟಿಮುಟ್ಟಾಗಿದಾಳೆ ನೋಡಿ. ದೇವರು ಕಾಯ್ತಾನೆ.”

“ಖಂಡಿತ ಕಾಯ್ತಾನೆ. ನಿಮ್ಮ ನಾಯಿಗಳಿಗೆ ಹಲ್ಲು ಕೊಟ್ಟಿದ್ದೂ ಅವನೇ. ಮತ್ತೆ ನೀವ್ಯಾಕೆ ಪಾಠ ಹೇಳ್ತೀರಿ?”

ಕಸುಬಿನ ಮಾತು ಬಂದರೆ ಮೇಷ್ಟ್ರಿಗೆ ಮೈಮೇಲೆ ಎಚ್ಚರವಿರುತ್ತಿರಲಿಲ್ಲ. “ಹಲ್ಲಿದ್ರೆ ಆಯ್ತಾ ನರ್ಸಮ್ಮ? ಕಳ್ಳ ಯಾರು, ನೆಂಟ ಯಾರು ಅಂತ ಗೊತ್ತಾಗ್ಬೇಕಲ್ಲ! ಅದಕ್ಕೆ ನಾನೇ ಕಳ್ಳನ ಥರ ಗೋಡೆ ಹಾರಿ ಬರ್ತೀನಿ. ಕೈಯಲ್ಲಿ ಬೆಂಡಿನ ಕೋಲು. ನಾಯಿಗೆ ಏಟಾಗಲ್ಲ, ಆದ್ರೆ ಗುರುತು ಹತ್ತುತ್ತೆ. ನಿಜವಾದ ಕಳ್ಳ ಬಂದ ದಿನ ಯೋಚ್ನೆ ಮಾಡ್ತಾ ಕೂರಲ್ಲ, ಎಗರಿಬಿಡುತ್ತೆ.”

ನರ್ಸಮ್ಮ ಪುಟ್ಟ ಸೀಸೆಯನ್ನು ಬೆಳಕಿಗೆ ಹಿಡಿದಳು. “ಇದರೊಳಗಿರೋನೂ ನಿಮ್ಮಂಥವನೇ. ದಡಾರವೇ, ಆದ್ರೆ ಬಲ ಕಳೆದು ಸೊರಗಿಸಿದ್ದು. ಮೈಯೊಳಗಿನ ಕಾವಲಿಗೆ ಮುಖ ತೋರಿಸಿ ಹೋಗುತ್ತೆ, ಅಷ್ಟೇ.”

ಮೇಷ್ಟ್ರು ಸೀಸೆಯನ್ನೇ ನೋಡಿದರು. “ಹಂಗಾದ್ರೆ ಎರಡನೇ ಸಲ ಯಾಕೆ?”

“ನಿಮ್ಮ ಶಿಷ್ಯರೆಲ್ಲ ಒಂದೇ ಸಲಕ್ಕೆ ಕಲೀತಾರಾ?”

“ಎಲ್ಲಿ! ಕೆಲವು ಕಳ್ಳನ್ನ ನೋಡಿ ಬಾಲ ಅಲ್ಲಾಡಿಸ್ತವೆ.”

“ಮಕ್ಕಳ ಮೈಯೂ ಹಂಗೇ. ತುಂಬ ಮಕ್ಕಳಿಗೆ ಮೊದಲ ಸಲಕ್ಕೇ ಪಾಠ ಹತ್ತುತ್ತೆ, ಕೆಲವರಿಗೆ ಹತ್ತಲ್ಲ. ಯಾರಿಗೆ ಅಂತ ಹೊರಗಿಂದ ಹೇಳೋಕಾಗಲ್ಲ. ಅದಕ್ಕೆ ಎಲ್ಲರಿಗೂ ಇನ್ನೊಂದು ಸಲ. ವಾರ ಕಳೆದ ಮೇಲೆ ಮೈ ಕೊಂಚ ಬಿಸಿಯಾದ್ರೆ ಗಾಬರಿ ಆಗ್ಬೇಡಿ. ಒಳಗೆ ಪಾಠ ನಡೀತಿದೆ ಅನ್ಕೊಳ್ಳಿ. ಜಾಸ್ತಿ ಆದ್ರೆ ಕರ್ಕೊಂಡು ಬನ್ನಿ.”

ಎಚ್ಚರದ ನಾಯಿಗಳಿರುವ ಬೀದಿಗೆ ಕಳ್ಳ ಕಾಲಿಡುವುದಿಲ್ಲ. ನಾಯಿಯೇ ಇಲ್ಲದ ಮನೆಯವರೂ ಅಲ್ಲಿ ನಿಶ್ಚಿಂತೆಯಿಂದ ಮಲಗುತ್ತಾರೆ. ಇದನ್ನು ಮೇಷ್ಟ್ರು ಜೀವಮಾನವಿಡೀ ಕಂಡಿದ್ದರು. ಪಕ್ಕದ ಮನೆಯ ತೊಟ್ಟಿಲು ಕಣ್ಣಮುಂದೆ ಬಂತು. ದೇವರು ಪ್ರತಿಯೊಂದು ಮೈಯಲ್ಲೂ ಕಾವಲಿಟ್ಟೇ ಕಳಿಸಿದ್ದಾನೆ, ಗುರುತು ಹೇಳಿಕೊಡುವ ಕೆಲಸವನ್ನಷ್ಟೇ ನಮ್ಮ ಕೈಗೆ ಬಿಟ್ಟಿದ್ದಾನೆ ಅನ್ನಿಸಿತು. ಅದನ್ನೂ ಮಾಡದೆ ಅವನ ಮೇಲೆ ಭಾರ ಹಾಕಿ ಕೂತರೆ ಅದು ಭಕ್ತಿಯಲ್ಲ, ಸೋಮಾರಿತನ.

ಅವರು ಮೊಮ್ಮಗಳ ಮುಂದೆ ಮೊಣಕಾಲೂರಿದರು. “ಮಗಾ, ಅವ್ರು ಹಾಡ್ತಿಲ್ಲ, ಅಳ್ತಾನೇ ಇದಾರೆ. ಸೂಜಿ ಚುಚ್ತಾರೆ. ನೋಯುತ್ತೆ. ನಾನೇ ನಿನ್ನ ಹಿಡ್ಕೋತೀನಿ.”

“ನೀನು ಸುಳ್ಳು ಹೇಳಿದೆ.”

“ಹೇಳಿದೆ. ತಪ್ಪಾಯ್ತು.”

ತೊಡೆಯ ಮೇಲೆ ಕೂರಿಸಿಕೊಂಡು ಬಿಗಿಯಾಗಿ ತಬ್ಬಿದರು. ಸೂಜಿ ಹೋಗಿ ಬರುವಷ್ಟರಲ್ಲಿ ಆಸ್ಪತ್ರೆಯ ಹೆಂಚು ಹಾರುವ ಹಾಗೆ ಕೂಗು ಎದ್ದಿತು. ಬೆಂಚಿನ ಮೇಲಿನ ಕೂಸುಗಳೆಲ್ಲ ಮತ್ತೆ ಶುರುಹಚ್ಚಿಕೊಂಡವು. ಕೂಗು ನಿಂತ ಮೇಲೆ ಗಿರಗಿಟ್ಲೆ ತಾತನನ್ನು ಮೇಲಿಂದ ಕೆಳಗೆ ನೋಡಿದಳು. “ನಿನ್ನ ಜೊತೆ ಟೂ” ಎಂದು ತೊಡೆಯಿಂದ ಜಾರಿ ಇಳಿದಳು.

ಮೇಷ್ಟ್ರು ಹೆದರಿದ್ದೇ ಆಗಿತ್ತು.

ಬೀದಿಯಲ್ಲಿ ಅವಳು ಮುಂದೆ ಮುಂದೆ, ಅವರು ಬೈಸಿಕೊಂಡ ನಾಯಿಯ ಹಾಗೆ ಹಿಂದೆ ಹಿಂದೆ. ಅಂಗಡಿಯ ಮೆಟ್ಟಿಲಲ್ಲಿ ಕೂತು ಕಾಜ ಹೊಲಿಯುತ್ತಿದ್ದ ದರ್ಜಿ ತಲೆಯೆತ್ತಿದ. “ಏನೇ ಗಿರಗಿಟ್ಲೆ, ಮೂತಿ ಯಾಕೆ ಊದಿದೆ?”

“ಸೂಜಿ ಚುಚ್ಚಿದ್ರು.”

“ಅಷ್ಟೇನಾ? ನಾನು ದಿನಾ ಚುಚ್ಕೋತೀನಿ, ಬಿಟ್ಟಿಯಾಗಿ.”

ಹುಡುಗಿಗೆ ಅವಮಾನವಾಯಿತು. “ನಿಂದು ಚಿಕ್ಕ ಸೂಜಿ. ನಂದು ಇಷ್ಟುದ್ದ!” ಎರಡೂ ಕೈ ಚಾಚಿ ತೋರಿಸಿದಳು.

“ನಾನಂತೂ ನಂಬಲ್ಲಪ್ಪ. ಯಾರು ನೋಡಿದಾರೆ?”

ಗಿರಗಿಟ್ಲೆ ಪೇಚಿಗೆ ಸಿಕ್ಕಳು. ಲೋಕದಲ್ಲಿ ನೋಡಿದವನು ಒಬ್ಬನೇ. ಅವನ ಜೊತೆ ಟೂ. ತುಟಿ ಕಚ್ಚಿ ನಿಂತಳು, ಹಿಂತಿರುಗಿ ನೋಡಿದಳು, ಮತ್ತೆ ದರ್ಜಿಯನ್ನು ನೋಡಿದಳು. ಆಮೇಲೆ ದಡದಡ ಓಡಿಬಂದು ಮೇಷ್ಟ್ರ ಅಂಗಿಯ ಚುಂಗು ಹಿಡಿದು ದರದರ ಎಳೆದಳು. “ತಾತ, ಹೇಳು ಇವನಿಗೆ!”

ಮೇಷ್ಟ್ರು ಆ ಚಾಚಿದ ಕೈಗಳನ್ನು ಗಂಭೀರವಾಗಿ ಅಳೆದು ನೋಡಿದರು. “ಅಷ್ಟೇ ಉದ್ದ. ಒಂದು ಗೇಣು ಜಾಸ್ತೀನೇ ಇರ್ಬೇಕು.”

“ಕೇಳಿದ್ಯಾ?”

ಅಲ್ಲಿಂದ ಚಪ್ಪಲಿ ಹೊಲಿಯುವವನ ಬಳಿಗೆ ಹೋಗುವಷ್ಟರಲ್ಲಿ ಸೂಜಿ ಎರಡಾಯಿತು. ಬ್ರೆಡ್ ಅಂಗಡಿ ಮುಟ್ಟುವಷ್ಟರಲ್ಲಿ ಮೂರು. “ನಾನು ಅಳಲೇ ಇಲ್ಲ. ತಾತನೇ ಅತ್ತಿದ್ದು” ಎಂದುಬಿಟ್ಟಳು.

ಬ್ರೆಡ್ಡಿನವನು ಹಿಟ್ಟಿನ ಕೈ ಒರೆಸಿಕೊಂಡು ಹೊರಬಂದ. “ಹೌದಾ ಮೇಷ್ಟ್ರೇ?”

ಮೇಷ್ಟ್ರು ಮೇಲೆ ಆಕಾಶದ ಕಡೆ ಒಮ್ಮೆ ನೋಡಿ ಮನಸ್ಸಿನಲ್ಲೇ ಕ್ಷಮೆ ಕೇಳಿಕೊಂಡರು. ಕ್ಷಮೆ ಸಿಕ್ಕಿತು ಅಂತಲೇ ಅನ್ನಿಸಿತು; ಯಾಕೆಂದರೆ ಅಷ್ಟು ಹಗುರವಾಗಿ ಅವರು ಎಂದೂ ನಕ್ಕಿರಲಿಲ್ಲ.

“ಹೌದಪ್ಪ. ಜೋರಾಗೇ ಅತ್ತೆ. ಕೊನೆಗೆ ಇವಳೇ ಸಮಾಧಾನ ಮಾಡಿದ್ಲು.”

ಇದು ಗಿರಗಿಟ್ಲೆಗೂ ಹೊಳೆದಿರಲಿಲ್ಲ. ಅವಳ ಮುಖ ಅರಳಿತು. “ಹೂಂ, ಮಾಡ್ದೆ” ಎಂದಳು. ಆಮೇಲೆ ಅಂಗಿಯ ಚುಂಗನ್ನು ಇನ್ನೂ ಬಿಗಿಯಾಗಿ ಎಳೆದಳು. “ಬಾ ತಾತ, ಬೇಗ ಬಾ! ಹೂವಿನಂಗಡಿಯವ್ರಿಗೆ ಇನ್ನೂ ಹೇಳೇ ಇಲ್ಲ.”