ಆದಿಲಕ್ಷ್ಮಿಯ ಪಟ

“ಬಡವರೆಲ್ಲಿ?” ಎಂದ ಎಡ್ವಿನ್, ವ್ಯಾನಿನಿಂದ ಇಳಿದವನೇ.

ಪಾಪ, ಅವನ ತಪ್ಪಿಲ್ಲ. ಕಲ್ಲುಕುಂಟೆಯ ಮುನೇಶ್ವರನ ಕಟ್ಟೆಯ ಮುಂದೆ ಮಕ್ಕಳು ಮದುವೆ ದಿಬ್ಬಣದವರ ಹಾಗೆ ನಿಂತಿದ್ದರು. ಒಬ್ಬನ ತಲೆಗೆ ತಾತನ ಜರಿಪೇಟ, ಅದು ಕಣ್ಣಿನವರೆಗೂ ಇಳಿದಿತ್ತು. ಇನ್ನೊಬ್ಬನಿಗೆ ಮಿಲಿಟರಿಯಿಂದ ಬಂದ ಚಿಕ್ಕಪ್ಪನ ಕೋಟು. ತೋಳು ಮಡಚಿ ಮಡಚಿ ಮೊಣಕೈಯ ಹತ್ತಿರ ದಿಂಡುಗಟ್ಟಿತ್ತು. ಹೆಣ್ಣುಮಕ್ಕಳಿಗೆ ಕಾಸಗಲ ಕುಂಕುಮ, ಕೆನ್ನೆಗೆ ದೃಷ್ಟಿಬೊಟ್ಟು, ಎಣ್ಣೆ ಇಳಿಯುವ ತಲೆ. ಪ್ರತಿ ಶನಿವಾರವೂ ತಪ್ಪದೆ ಸೋರುತ್ತಿದ್ದ ಮೂಗುಗಳನ್ನು ಆವತ್ತು ತಾಯಂದಿರು ಉಜ್ಜಿ ಉಜ್ಜಿ ಕೆಂಪಗೆ ಮಾಡಿಟ್ಟಿದ್ದರು.

ಎಡ್ವಿನ್‌ನ ಕೈಯಲ್ಲಿ ಪೆಟ್ಟಿಗೆ ಕ್ಯಾಮೆರಾ ಇತ್ತು. ಅವನು ರೈಲ್ವೆ ಗಾರ್ಡೊಬ್ಬನ ಮಗ, ಆಂಗ್ಲೋ ಇಂಡಿಯನ್ ಹುಡುಗ. ಬೆಂಗಳೂರು ದಂಡಿನ ಇಂಗ್ಲಿಷ್ ಚರ್ಚಿನ ಯುವಸಂಘಕ್ಕೆ ಮುಖ್ಯಸ್ಥ. ಯುದ್ಧ ಮುಗಿದ ಮೇಲೆ ಸಿಪಾಯಿಗಳಿಗೆಂದು ತರಿಸಿದ್ದ ಹಾಲಿನ ಪುಡಿ ಗೋದಾಮಿನಲ್ಲಿ ಮಿಕ್ಕಾಗ, ಅದು ಹಳ್ಳಿಯ ಮಕ್ಕಳಿಗೆ ಸಿಗಲಿ ಎಂದು ಆಫೀಸಿನಿಂದ ಆಫೀಸಿಗೆ ಅಲೆದವನು ಅವನೇ. ಹೋದ ವರ್ಷದ ಮುಂಗಾರಿನಿಂದ ಸಂಘದ ಹುಡುಗ ಹುಡುಗಿಯರು ಶನಿವಾರ ಬಂತೆಂದರೆ ಹಲಸೂರು ದಾಟಿ, ಕೃಷ್ಣರಾಜಪುರದ ದಾರಿಯ ಧೂಳನ್ನೆಲ್ಲ ಕುಡಿದುಕೊಂಡು ಇಲ್ಲಿಗೆ ಬರುತ್ತಿದ್ದರು. ಹಾಲು ಕಾಸಿ ಹಂಚುತ್ತಿದ್ದರು, ಕಜ್ಜಿಗೆ ಮುಲಾಮು ಹಚ್ಚುತ್ತಿದ್ದರು, ಹಾಡು ಹೇಳಿಕೊಟ್ಟು ಹೋಗುತ್ತಿದ್ದರು. ಈಗ ಪುಡಿ ಮುಗಿಯುತ್ತ ಬಂದಿತ್ತು. ವಿಲಾಯಿತಿಯ ಚರ್ಚುಗಳವರು ಕೈಬಿಚ್ಚಬೇಕಾದರೆ ಅವರಿಗೆ ಈ ಮಕ್ಕಳ ಫೋಟೋ ಕಳಿಸಬೇಕು ಎಂದು ಚರ್ಚಿನ ಕಮಿಟಿ ಹೇಳಿತ್ತು.

“ನೀನು ಇವರಿಗೆ ಏನಂತ ಹೇಳಿದ್ದೆ?” ಎಂದು ಅವನು ಇಂಗ್ಲಿಷಿನಲ್ಲಿ ಅಣ್ಣಮ್ಮನನ್ನು ಕೇಳಿದ.

ಅಣ್ಣಮ್ಮ ಹಲಸೂರಿನವಳು, ಆಸ್ಪತ್ರೆಯೊಂದರ ಅಡುಗೆಯವಳ ಮಗಳು. ಸಂಘದಲ್ಲಿ ಕನ್ನಡ ಸಲೀಸಾಗಿ ಬರುತ್ತಿದ್ದದ್ದು ಅವಳೊಬ್ಬಳಿಗೇ. “ನಮ್ಮ ಅಣ್ಣಮ್ಮ ದೇವ್ರೂ ಇಗರ್ಜಿಗೆ ಸೇರ್ಕಂಡ್ಬಿಟ್ಳಾ” ಎಂದು ಊರಿನ ಹೆಂಗಸರು ಅವಳನ್ನು ರೇಗಿಸುತ್ತಿದ್ದರು. ಆ ಕಡೆಯ ಮಾತನ್ನು ಈ ಕಡೆಗೂ ಈ ಕಡೆಯದನ್ನು ಆ ಕಡೆಗೂ ಮುಟ್ಟಿಸುವುದು ಅವಳ ಕೆಲಸ. ಮುಟ್ಟಿಸುವ ಮುಂಚೆ ಮುಳ್ಳು ಕಿತ್ತುಬಿಡುತ್ತಿದ್ದಳು. “ಇವರಿಗೆ ಶುಚಿ ಅಂದರೇನೇ ಗೊತ್ತಿಲ್ಲ” ಎಂದು ಅವರೆಂದರೆ, “ಮುಂದಿನ ಸಲ ಸೋಪು ತರ್ತಾರಂತೆ ಅಕ್ಕ” ಎನ್ನುವಳು. “ಈ ಹಾಲು ಸುಣ್ಣದ ನೀರಿದ್ದಂಗೈತೆ” ಎಂದು ಇವರೆಂದರೆ, “ದೇವರು ನಿಮಗೆ ಒಳ್ಳೆಯದು ಮಾಡಲಿ ಎನ್ನುತ್ತಿದ್ದಾರೆ” ಎನ್ನುವಳು. ಎರಡು ಕಡೆಯವರೂ ಸುಖವಾಗಿದ್ದರು.

“ಫೋಟೋ ತೆಗೀತಾರೆ, ಮಕ್ಕಳನ್ನು ರೆಡಿ ಮಾಡಿ ಅಂದಿದ್ದೆ” ಎಂದಳು ಅಣ್ಣಮ್ಮ.

ತಪ್ಪು ಆಗಿದ್ದು ಅಲ್ಲೇ. ಪಟ ತೆಗೆಸುವುದೆಂದರೆ ಕಲ್ಲುಕುಂಟೆಯಲ್ಲಿ ಹಬ್ಬಕ್ಕಿಂತ ಒಂದು ಕೈ ಮೇಲು. ಎಣ್ಣೆನೀರು ಹಾಕಿ, ಇದ್ದದ್ದನ್ನು ಇಟ್ಟು, ಇಲ್ಲದ್ದನ್ನು ಪಕ್ಕದ ಮನೆಯಿಂದ ಕಡ ತಂದು ತೊಡಿಸಿ ನಿಲ್ಲಿಸದೆ ಇನ್ನು ಹೇಗೆ ತೆಗೆಸುತ್ತಾರೆ? ಇದು ಅಣ್ಣಮ್ಮನಿಗೆ ಗೊತ್ತಿರಬೇಕಿತ್ತು. ಅವಳಿಗೆ ಕಮಿಟಿಯವರ ಮನಸ್ಸಿನಲ್ಲಿ ಏನಿದೆ ಎನ್ನುವುದೂ ಗೊತ್ತಿತ್ತು. ಎರಡನ್ನೂ ಒಟ್ಟಿಗೆ ಇಟ್ಟು ನೋಡುವ ಧೈರ್ಯ ಮಾಡಿರಲಿಲ್ಲ, ಅಷ್ಟೆ.

“ಇದನ್ನು ನೋಡಿದರೆ ಹಾಲಿಗೆ ಯಾರು ದುಡ್ಡು ಕೊಡುತ್ತಾರೆ? ಊಟಕ್ಕೆ ನಾವೇ ಇವರ ಮನೆಗೆ ಹೋಗಬೇಕು ಅನ್ನಿಸುತ್ತದೆ” ಎಂದ ಎಡ್ವಿನ್. ಹಣೆಯ ಬೆವರು ಒರೆಸಿಕೊಂಡ. “ಹಳೇ ಬಟ್ಟೆ ಹಾಕಿಕೊಂಡು ಬರಲಿ. ಹುಡುಗರಿಗೆ ಅಂಗಿಯೇ ಬೇಡ. ಕಟ್ಟೆಯ ಮೇಲೆ ಕೂತಿರುವ ಆ ಹುಡುಗಿಯ ಜಡೆಯ ಹೂವೆಲ್ಲ ತೆಗೆಸಿ ಕೂದಲು ಕೆದರಿಸು. ನೋಡಿದವರ ಕರುಳು ಚುರುಕ್ ಅನ್ನಬೇಕು.”

ಅಣ್ಣಮ್ಮ ಹೆಂಗಸರ ಕಡೆ ತಿರುಗಿದಳು. “ಬಿಸಿಲು ಜಾಸ್ತಿ ಅಕ್ಕ. ಒಳ್ಳೇ ಬಟ್ಟೆ ಹಾಳಾಗತ್ತೆ, ಹೂವು ಬಾಡತ್ತೆ, ಹಳೇದನ್ನೇ ಹಾಕಿ ಜಡೆ ಬಿಚ್ಬಿಡಿ ಅಂತಿದಾರೆ.”

“ಕೋಳಿ ಕೂಗೋ ಹೊತ್ನಿಂದ ಬಡ್ಕೊಂಡಿದ್ದು ಇದಕ್ಕಾ?” ಎಂದು ಆಂಜನಮ್ಮ ಗೊಣಗಿದಳು. ಮೂರು ಮಕ್ಕಳ ತಾಯಿ ಅವಳು. ದೊಡ್ಡವನ ಕೋಟನ್ನು ಕಳಚತೊಡಗಿದಳು. ಉಳಿದವರೂ ಒಲ್ಲದ ಮನಸ್ಸಿನಿಂದ ಶುರುಮಾಡಿದರು. ಪೇಟದವನು ಎರಡು ಕೈಯಲ್ಲೂ ಪೇಟ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟ.

ಕಟ್ಟೆಯ ಮೇಲೆ ಕೂತಿದ್ದ ಮುನಿಶಾಮಮ್ಮ ಮಾತ್ರ ಅಲ್ಲಾಡಲಿಲ್ಲ. ಅವಳ ಮುಂದೆ ಮಗಳು ಆದಿಲಕ್ಷ್ಮಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ಹೋದ ವರ್ಷ ವಿಷಮಜ್ವರ ಬಂದು ಬದುಕಿ ಉಳಿದ ಮಗು ಅದು. ಜ್ವರ ಬಿಟ್ಟಾಗ ಮೂಳೆ ಚಕ್ಕಳ. ಕೂದಲೆಲ್ಲ ಕೈಗೆ ಬಂದು ತಲೆ ಬೋಳು. ಆಮೇಲೆ ಬಂದದ್ದು ಈ ವ್ಯಾನು, ಈ ಹಾಲು. ಮಗುವಿಗೆ ಕೆನ್ನೆ ಬಂತು, ಕೂದಲೂ ಬಂತು. ಕತ್ತಿನವರೆಗೆ ಬಂದ ಕೂದಲಿಗೆ ಮುನಿಶಾಮಮ್ಮ ಆವತ್ತು ಕಡ ತಂದ ಚೌಲಿ ಸೇರಿಸಿ, ಸೊಂಟ ಮುಟ್ಟುವ ಹಾಗೆ ಹೆಣೆದು, ಬಾಳೆಪಟ್ಟೆಗೆ ಮಲ್ಲಿಗೆ ಮೊಗ್ಗು ಹೊಲಿದು ಕಟ್ಟಿದ್ದಳು. ಸೊಪ್ಪಿನ ಗಾಡಿ ಹೊಡೆಯುವ ಗಂಡ ಮುನಿವೆಂಕಟಪ್ಪ ರಸೆಲ್ ಮಾರ್ಕೆಟ್ಟಿನಿಂದ ತಂದ ಮೊಗ್ಗು. ತಾಯಿ ಉಟ್ಟಿದ್ದದ್ದು ಮಾತ್ರ ತೇಪೆಯ ಸೀರೆ. ತನ್ನ ಕಡೆ ನೋಡಿಕೊಳ್ಳಲು ಅವಳಿಗೆ ಹೊತ್ತು ಸಿಕ್ಕಿರಲಿಲ್ಲ.

“ಜಡೆ ಯಾಕೆ ಬಿಚ್ಬೇಕು?” ಎಂದು ಕೇಳಿದಳು.

“ಬಿಸಿಲು ಅಕ್ಕ...”

“ಬಿಸ್ಲು ಹೂವಿಗಾ, ಅವ್ನ್ ಪೆಟ್ಗೆಗಾ? ಅಣ್ಣಮ್ಮ, ಅವ್ನು ಅಷ್ಟುದ್ದ ಹೇಳ್ದ. ನೀನು ಇಷ್ಟು ಹೇಳ್ದೆ. ಮಿಕ್ಕಿದ್ದು ಏನಾಯ್ತು?”

ಯುವಸಂಘ ಸೇರುವ ಸಭಾಂಗಣದ ಗೋಡೆಯ ಮೇಲೆ ಹಳೆಯದೊಂದು ಫೋಟೋ ಇದೆ. ಚರ್ಚಿನ ಬೋರ್ಡಿಂಗ್ ಶಾಲೆಯ ಹುಡುಗಿಯರು, ನುಣ್ಣಗೆ ಬೋಳಿಸಿದ ತಲೆ, ಗೋಣಿಯಂಥ ನಿಲುವಂಗಿ. ಕೊನೆಯಲ್ಲಿ ನಿಂತವಳು ಅಣ್ಣಮ್ಮನ ತಾಯಿ. ಆವತ್ತು ಬೆಳಿಗ್ಗೆ ಕ್ರಿಸ್ಮಸ್ಸಿಗೆ ಹೊಲಿಸಿದ್ದ ಹೊಸ ಲಂಗಗಳನ್ನು ಬಿಚ್ಚಿಸಿ ನಿಲ್ಲಿಸಿದ್ದರಂತೆ. “ನಮಗೆ ಆವತ್ತು ಹಸಿವೇ ಇರ್ಲಿಲ್ಲ ಕಣೆ, ಹೊಟ್ಟೆ ತುಂಬ ಇಡ್ಲಿ ತಿಂದಿದ್ವಿ. ಆ ಪಟದಲ್ಲಿ ಮಾತ್ರ ಜೀವಮಾನ ಪೂರ್ತಿ ಹಸ್ಕೊಂಡೇ ಇರ್ತೀನಿ” ಎಂದು ತಾಯಿ ಒಮ್ಮೆ ಹೇಳಿದ್ದಳು. ಆ ಸಭಾಂಗಣಕ್ಕೆ ಬಂದಾಗಲೆಲ್ಲ ಅವಳು ಆ ಗೋಡೆಗೆ ಬೆನ್ನು ಮಾಡಿ ಕೂರುವಳು. ಅಣ್ಣಮ್ಮನಿಗೆ ಇದು ನೆನಪಾಗಿ ಮೈಯೆಲ್ಲ ಉರಿಯಿತು. ಎಡ್ವಿನ್ ಮೇಲಲ್ಲ, ಬಿಸಿಲು ಎಂದ ತನ್ನ ಬಾಯಿಯ ಮೇಲೆ.

“ಹೇಳ್ತೀನಿ, ಎಲ್ಲರೂ ಕೇಳಿ” ಎಂದಳು. “ನೀವು ಬಡವರ ಹಾಗೆ ಕಾಣ್ತಿಲ್ಲವಂತೆ. ಮಕ್ಕಳಿಗೆ ಹರಕು ಹಾಕಿ, ತಲೆ ಕೆದರಿ ನಿಲ್ಲಿಸ್ಬೇಕಂತೆ. ಆ ಪಟಾನ ಅವರ ದೇಶಕ್ಕೆ ಕಳಿಸ್ತಾರೆ. ಅದನ್ನ ನೋಡಿ ಅಲ್ಲಿಯವರಿಗೆ ಅಯ್ಯೋ ಅನ್ನಿಸಿದ್ರೆ ಹಾಲಿಗೆ ಸಹಾಯ ಮಾಡ್ತಾರೆ. ನಿಮಗೆ ಕೊಡೋದಕ್ಕೆ ತೆಗೀತಿಲ್ಲ ಪಟ. ಬಿಸಿಲು ಅಂದಿದ್ದು ನನ್ನ ಸುಳ್ಳು.”

ಕೋಟು ಕಳಚುತ್ತಿದ್ದ ಕೈ, ಕುಂಕುಮ ಒರೆಸುತ್ತಿದ್ದ ಸೆರಗು, ಎಲ್ಲ ಇದ್ದಲ್ಲೇ ನಿಂತವು. ಎಡ್ವಿನ್ ಏನಾಯಿತೆಂದು ತಿಳಿಯದೆ ಒಬ್ಬೊಬ್ಬರ ಮುಖವನ್ನೂ ನೋಡಿದ.

“ನಾವು ಬಡವ್ರೇ. ಅಲ್ಲ ಅಂದೋರ್ಯಾರು?” ಎಂದಳು ಮುನಿಶಾಮಮ್ಮ. ದನಿ ಏರಿಸಲಿಲ್ಲ. “ಅವ್ರು ಹಾಲು ಕೊಟ್ರು, ನನ್ ಮಗು ಬದುಕ್ತು. ಮುನೇಶ್ವರನಾಣೆ, ಅದನ್ನ ಮರೆಯಾಕಿಲ್ಲ. ಈ ಕೂದ್ಲು ಬೆಳ್ದಿದ್ದು ಅವ್ರ್ ಹಾಲಲ್ಲೇ. ಇದನ್ನೇ ತೋರ್ಸ್ಲಿ. ಬೋಳಾಗಿದ್ದ ತಲೆ ನೋಡ್ರಪ್ಪಾ ಹಿಂಗಾಯ್ತು ಅನ್ಲಿ. ಬಿಚ್ಚು ಅಂದ್ರೆ ಬಿಚ್ಚಾಕಿಲ್ಲ. ಬಡವ್ರ ಪಟಾನೇ ಬೇಕಾ? ನಾನಿವ್ನಿ, ತೆಗೀಲಿ.”

ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕ್ಯಾಮೆರಾದ ಎದುರಿಗೇ ಬಂದು ನಿಂತಳು. ಅಣ್ಣಮ್ಮ ಒಂದಕ್ಷರ ಬಿಡದೆ ಎಡ್ವಿನ್‌ಗೆ ಹೇಳಿದಳು. ಅವನು ಅಭ್ಯಾಸಬಲದಿಂದ ಪೆಟ್ಟಿಗೆಯೊಳಗೆ ಬಗ್ಗಿ ನೋಡಿ, ಹಾಗೇ ತಲೆಯೆತ್ತಿದ. ಅವಳ ಆ ಕಣ್ಣನ್ನು ನೋಡಿ ವಿಲಾಯಿತಿಯಲ್ಲಿ ಯಾರೂ ದುಡ್ಡು ಕೊಡುವುದಿಲ್ಲ; ಹಿಂದೆ ಕೊಟ್ಟಿದ್ದನ್ನೂ ವಾಪಸು ಕೇಳಿಯಾರು.

“ಮಕ್ಕಳದೇ ಬೇಕು” ಎಂದ. ಅವನ ಮುಖ ಕೆಂಪಾಗಿತ್ತು. “ನಾನೇನು ಇದನ್ನು ನನಗೋಸ್ಕರ ಮಾಡುತ್ತಿದ್ದೇನೆಯೇ? ಒಳ್ಳೆಯ ಫೋಟೋ ಹೋಗದಿದ್ದರೆ ಬರುವ ತಿಂಗಳಿಂದ ಹಾಲಿಲ್ಲ. ಅದನ್ನೂ ಹೇಳು ಅವರಿಗೆ.”

ಅಣ್ಣಮ್ಮ ಅದನ್ನೂ ಹೇಳಿದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಂಜನಮ್ಮ ಕಣ್ಣು ಕೆಳಗೆ ಹಾಕಿ, “ನಂಗೆ ಮೂರು ಮಕ್ಳು ಕಣಮ್ಮ, ಹಾಲು ಬೇಕು” ಎಂದು ಕೋಟನ್ನು ಪೂರ್ತಿ ಕಳಚಿದಳು. ಮುನಿಶಾಮಮ್ಮ ಆ ಕೋಟನ್ನು ಇಸಕೊಂಡು ಮಡಚಿ ಕಟ್ಟೆಯ ಮೇಲಿಟ್ಟಳು. ಪೇಟದವನ ತಾಯಿ ಮಾತ್ರ ಮಗನನ್ನು ಎಬ್ಬಿಸಿ, ಪೇಟವನ್ನು ಮತ್ತೆ ಸರಿಮಾಡಿ ಇಟ್ಟಳು. ಅವಳ ಹಿಂದೆ ಇನ್ನೂ ಕೆಲವರು ಬಿಚ್ಚಿದ ಗುಂಡಿಗಳನ್ನು ಹಾಕತೊಡಗಿದರು.

“ಅವರನ್ನು ಒಪ್ಪಿಸು” ಎಂದ ಎಡ್ವಿನ್.

“ನೀನು ಹೇಳಿದ್ದನ್ನೆಲ್ಲ ಹೇಳಿದ್ದೇನೆ. ಮಕ್ಕಳ ಬಟ್ಟೆ ಬಿಚ್ಚಿಸುವುದಕ್ಕೆ ಇನ್ನು ನನ್ನ ಬಾಯಿ ಸಿಗುವುದಿಲ್ಲ.”

“ಕಮಿಟಿಗೆ ಏನು ಹೇಳಲಿ? ಸಂಘದಲ್ಲಿ ನಿನ್ನನ್ನು ಇಟ್ಟುಕೊಳ್ಳುತ್ತಾರೆ ಅಂದುಕೊಂಡಿದ್ದೀಯಾ?”

“ಇದನ್ನೇ ಹೇಳು. ಇಟ್ಟುಕೊಳ್ಳದಿದ್ದರೆ ಬೇಡ” ಎಂದು ಅಣ್ಣಮ್ಮ ಹೋಗಿ ಆದಿಲಕ್ಷ್ಮಿಯ ಪಕ್ಕದಲ್ಲಿ ಕೂತಳು. ಹಾಡು ಹೇಳಿಕೊಡಲು ಬಂದಿದ್ದ ಹುಡುಗಿಯರು ವ್ಯಾನಿನ ನೆರಳಿನಲ್ಲಿ ಬಾಯಿ ಬಿಟ್ಟುಕೊಂಡು ನಿಂತಿದ್ದರು.

ಬಾಯಿಲ್ಲದ ಎಡ್ವಿನ್ ಕಲ್ಲುಕುಂಟೆಯಲ್ಲಿ ಒದ್ದಾಡಿಹೋದ. “ಇಧರ್ ಆವ್” ಎಂದ, “ಇಂಗೆ ವಾ” ಎಂದ. ದಂಡಿನ ಬಟ್ಲರುಗಳ ಹತ್ತಿರ ನಡೆಯುತ್ತಿದ್ದ ಈ ಹಿಂದೂಸ್ತಾನಿ, ತಮಿಳು ಮಾತು ಇಲ್ಲಿ ಮಕ್ಕಳಿಗೆ ನಗು ತರಿಸಿತು. ಅಳುವ ಮುಖ ಮಾಡಿ ತೋರಿಸಿದರೆ ಅವು ಇನ್ನೂ ನಕ್ಕವು. ಆಂಜನಮ್ಮನ ಮಕ್ಕಳ ಫೋಟೋ ತೆಗೆದ; ಅವು ಅದರಲ್ಲೂ ನಗುತ್ತಲೇ ಇದ್ದವು. ಕ್ಯಾಮೆರಾ ಮುಚ್ಚಿ ಹಾಲಿನ ಹಂಡೆಯ ಹತ್ತಿರ ಹೋದ.

ಮಕ್ಕಳು ಲೋಟ ಹಿಡಿದು ಸಾಲು ನಿಂತರು. ಮುನಿಶಾಮಮ್ಮ ಮಗಳ ಕೈಗೂ ಲೋಟ ಕೊಟ್ಟು ಸಾಲಿಗೆ ಕಳಿಸಿದಳು.

“ಅಕ್ಕ, ಇಷ್ಟೆಲ್ಲ ಆದ್ಮೇಲೆ...” ಎಂದಳು ಅಣ್ಣಮ್ಮ ಮೆಲ್ಲಗೆ.

“ಇಷ್ಟೆಲ್ಲ ಆದ್ಮೇಲೆ ಏನು? ಜಡೆ ಬಿಚ್ಚಲ್ಲ ಅಂದೆ, ಹಾಲು ಬೇಡ ಅಂದ್ನಾ? ಹಸಿವ್ಗೂ ಮಾನಕ್ಕೂ ನನ್ನತ್ರ ಜಗಳ ಇಲ್ಲ. ಕೊಡಾಕಿಲ್ಲ ಅನ್ನೋದಾದ್ರೆ ಅವ್ನೇ ಮಗೀಗೆ ಹೇಳ್ಲಿ.”

ಮೊಗ್ಗಿನ ಜಡೆಯ ಹುಡುಗಿ ಎದುರಿಗೆ ಬಂದು ಲೋಟ ಚಾಚಿದಾಗ ಎಡ್ವಿನ್‌ನ ಸೌಟು ತಡೆಯಿತು. ಅವನು ತಾಯಿಯ ಕಡೆ ನೋಡಿದ, ಮಗುವಿನ ಕಡೆ ನೋಡಿದ. ಆಮೇಲೆ ಲೋಟ ತುಂಬ ಹಾಲು ಹಾಕಿದ. ಹುಡುಗ ಕೆಟ್ಟವನಲ್ಲ, ಇಲ್ಲದಿದ್ದರೆ ಆ ಧೂಳಿನಲ್ಲಿ ಅಷ್ಟು ದಿನ ಬರುತ್ತಿರಲಿಲ್ಲ. ಹೋಗುವಾಗ ಅಣ್ಣಮ್ಮನಿಗೆ ವ್ಯಾನಿನ ಬಾಗಿಲು ತೆರೆದು ನಿಂತ. ಅವಳು ಒಲ್ಲೆನೆಂದು ತಲೆಯಾಡಿಸಿದಳು. ವ್ಯಾನು ಹೊರಟುಹೋಯಿತು. ಬರುವ ತಿಂಗಳು ಅದು ಬರುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ.

“ಮೊಗ್ಗು ಅರಳಿಬಿಟ್ರೆ ಜಡೆ ಕೆಟ್ಟೋಗ್ತದೆ” ಎಂದು ಮುನಿಶಾಮಮ್ಮ ಗಂಡನನ್ನು ಕೂಗಿ ಗಾಡಿ ಕಟ್ಟಿಸಿದಳು. “ದಂಡಲ್ಲಿ ಪಟ ತೆಗೆಯೋ ಅಂಗ್ಡಿ ನಿಂಗೆ ಗೊತ್ತಲ್ಲ ಅಣ್ಣಮ್ಮ. ನಡಿ, ತೋರ್ಸು. ನಂಗ್ ಬೇಕಾಗಿರೋ ಪಟ ನಾನ್ ತೆಗೆಸ್ಕಂತೀನಿ.”

ಕಮರ್ಷಿಯಲ್ ಸ್ಟ್ರೀಟಿನ ಸ್ಟುಡಿಯೋದಲ್ಲಿ ವಯಸ್ಸಾದ ಸಾಹೇಬರೊಬ್ಬರಿದ್ದರು. “ಶಾದಿ ಮನೆಯಿಂದ ಬಂದ್ರಾ ಮಾ?” ಎಂದರು. ಅಣ್ಣಮ್ಮ ಬಾಯಿ ತೆರೆಯುವುದರೊಳಗೆ ಮುನಿಶಾಮಮ್ಮ, “ನಮ್ಮನೆಯಿಂದ್ಲೇ ಬಂದ್ವಿ” ಎಂದಳು. ಅಣ್ಣಮ್ಮ ತನ್ನ ಕೈಚೀಲಕ್ಕೆ ಕೈಹಾಕಿದ್ದನ್ನು ಕಂಡು ಮುನಿಶಾಮಮ್ಮ ಕಣ್ಣು ಕೆಂಪಗೆ ಮಾಡಿ, ಸೊಪ್ಪು ಮಾರಿದ ದುಡ್ಡಿನ ಗಂಟನ್ನು ತಾನೇ ಬಿಚ್ಚಿದಳು.

ಸಾಹೇಬರು ಆಳೆತ್ತರದ ಕನ್ನಡಿಯನ್ನು ಎಳೆದು ತಂದು, ಜಡೆಯೂ ಮುಖವೂ ಒಟ್ಟಿಗೆ ಕಾಣುವ ಹಾಗೆ ಆದಿಲಕ್ಷ್ಮಿಯ ಹಿಂದೆ ಓರೆಯಾಗಿ ನಿಲ್ಲಿಸಿದರು. ಮೂರು ಕಾಲಿನ ದೊಡ್ಡ ಕ್ಯಾಮೆರಾದ ಹಿಂದೆ ಹೋಗಿ ಕರಿಬಟ್ಟೆ ಹೊದ್ದರು. ಹೊರಗೆ ಬಂದು ಮಗುವಿನ ಗದ್ದ ಚೂರು ಎತ್ತಿ, ಮತ್ತೆ ಒಳಗೆ ಹೋದರು.

“ಅದ್ರೊಳ್ಗೆ ಅವ್ಳು ಕಾಣ್ತಾಳಾ?” ಎಂದು ಮುನಿಶಾಮಮ್ಮ ಕೇಳಿದಳು.

“ಕಾಣ್ತಾಳೆ ಮಾ. ಬನ್ನಿ, ನೋಡಿ.” ಸಾಹೇಬರು ಬಟ್ಟೆ ಎತ್ತಿ ಹಿಡಿದರು. ಅವಳು ಬಗ್ಗಿ ಒಳಗೆ ಹೋದಳು. ಬಟ್ಟೆ ಇಳಿಯಿತು.

ಆಮೇಲೆ ಒಳಗಿನಿಂದ, “ತಲೆಕೆಳಗಾಗವ್ಳಲ್ಲ” ಎಂದಳು.

“ಗಾಜಲ್ಲಿ ಹಾಗೇ ಕಾಣ್ತದೆ. ಕಾಗದಕ್ಕೆ ಬಂದ್ಮೇಲೆ ಸೀದಾ ಆಗ್ತಾಳೆ.”

“ಆಗ್ಲಿ ಬಿಡಿ. ತಲೆಕೆಳಗಾದ್ರೂ ನನ್ ಮಗ್ಳು ಚೆನ್ನಾಗವ್ಳೆ.”

ಸಾಹೇಬರು ನಕ್ಕರು. ಕಾದರು. “ಸಾಕು ಮಾ, ಬಚ್ಚಿ ಎಷ್ಟು ಹೊತ್ತು ನಿಲ್ತದೆ?” ಎಂದರು. ಆದಿಲಕ್ಷ್ಮಿ ಕಣ್ಣು ಮಿಟುಕಿಸದೆ ನಿಂತಿದ್ದಳು. ಕರಿಬಟ್ಟೆಯ ಕೆಳಗೆ ಧೂಳು ಮೆತ್ತಿದ ಎರಡು ಪಾದಗಳು ಮಾತ್ರ ಕಾಣುತ್ತಿದ್ದವು. ಅವು ಕದಲಲಿಲ್ಲ.