ಮಿಷನ್‌ಗೆ ಎಂದು ಕಟ್ಟಿಟ್ಟ ಸೀರೆ

ತಪ್ಪು ತಿದ್ದುವುದು ದೇವದಾಸನಿಗೆ ಹೊಟ್ಟೆಪಾಡೂ ಹೌದು, ಚಟವೂ ಹೌದು. ಚಾಮರಾಜಪೇಟೆಯ ಪ್ರೆಸ್ಸೊಂದರಲ್ಲಿ ವರ್ಷಗಟ್ಟಲೆ ಕರಡು ತಿದ್ದಿ ತಿದ್ದಿ, ಮನೆಗೆ ಮದುವೆ ಕಾಗದ ಬಂದರೂ ಹೆಣ್ಣು ಯಾರು ಗಂಡು ಯಾರು ಎಂದು ನೋಡುವ ಮುಂಚೆ ಒತ್ತಕ್ಷರ ಸರಿಯಿದೆಯೇ ಎಂದು ನೋಡುವ ಆಸಾಮಿ. ಅಂಗಿ ಜೇಬಿನಲ್ಲಿ ಸದಾ ಒಂದು ಪೆನ್ಸಿಲ್ ಚೂರು. ಸರಿಯಾದದ್ದನ್ನೇ ತಪ್ಪೆಂದು ಹೊಡೆದುಹಾಕಿದರೆ, ಆ ಅಕ್ಷರದ ಕೆಳಗೆ ಚುಕ್ಕೆ ಸಾಲು ಇಡುವುದು ಕರಡು ತಿದ್ದುವವರ ಪದ್ಧತಿ, ಮೊದಲಿದ್ದದ್ದೇ ಇರಲಿ ಎಂದು ಅದರ ಅರ್ಥ. ದೇವದಾಸ ಆ ಚುಕ್ಕೆ ಇಟ್ಟದ್ದನ್ನು ಪ್ರೆಸ್ಸಿನಲ್ಲಿ ಕಂಡವರು ಕಡಿಮೆ.

ಹೆಂಡತಿ ಅಣ್ಣಮ್ಮ ದಿನಸಿ ಚೀಟಿ ಬರೆದರೂ ಬಿಡುತ್ತಿರಲಿಲ್ಲ. ಅವಳಿಗೆ ಎಲ್ಲದಕ್ಕೂ ಹೊಟ್ಟೆ ಸೀಳಿದ ಷ ಒಂದೇ. ಷುಂಠಿ, ಷೇಂಗಾ, ಕಡೆಗೆ ಯೇಷು ಸ್ವಾಮಿ. ಈತ ಪೆನ್ಸಿಲ್ ತೆಗೆದು ತಿದ್ದಿ, ಅವಳ ಕಣ್ಣ ಮುಂದೆ ಹಿಡಿದು ನಗುವನು. "ಷುಂಠಿ ಅಂತ ಬರ್ದ್ರೆ ಖಾರ ಕಮ್ಮಿ ಆಗ್ತದಾ?" ಎಂದು ಅವಳು ಚೀಟಿ ಕಿತ್ತುಕೊಂಡು ಹೊರಟುಬಿಡುವಳು. ಇಪ್ಪತ್ತೇಳು ವರ್ಷ ಹೀಗೇ ನಡೆಯಿತು. ಎಪ್ಪತ್ತೊಂಬತ್ತರ ಜೂನಿನಲ್ಲಿ ಕಾಮಾಲೆ ಬಂದು, ಒಂಬತ್ತೇ ದಿನಕ್ಕೆ ಅಣ್ಣಮ್ಮ ಹೋಗಿಬಿಟ್ಟಳು. ಜಯನಗರದ ಆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ತಿದ್ದುವುದಕ್ಕೆ ಒಂದು ಚೀಟಿಯೂ ಉಳಿಯಲಿಲ್ಲ.

ಒಬ್ಬಳೇ ಮಗಳು ರೂತ್. ಚಿಕ್ಕಬಳ್ಳಾಪುರದಲ್ಲಿ ಟೀಚರು. ಕ್ರಿಸ್‌ಮಸ್ ಕಳೆದ ವಾರಕ್ಕೆ ಅವಳ ಮದುವೆ ಎಂದು ತಾಯಿ ಇದ್ದಾಗಲೇ ನಿಶ್ಚಯವಾಗಿತ್ತು.

ಆಗಸ್ಟಿನಲ್ಲಿ ಚರ್ಚಿನವರು ಹಳೇ ಸಾಮಾನಿನ ಸೇಲ್ ಇಟ್ಟರು. ಜಾಗ, ಆರಾಧನೆ ನಡೆಸುವ ಸಭಾಪಾಲಕರ ಮನೆಯ ಕಾರ್ ಶೆಡ್ಡು. ಅವರಿಗೆ ಕಾರೆಲ್ಲಿಂದ ಬರಬೇಕು ಪಾಪ, ಒಂದು ಸೈಕಲ್ಲು, ಅದೂ ಹೊರಗೆ ಗೋಡೆಗೆ ಒರಗಿರುತ್ತಿತ್ತು. ಮನೆಯಲ್ಲಿ ಬಳಸದೆ ಬಿದ್ದದ್ದನ್ನು ತಂದುಕೊಡಿ, ಮಾರಿ ಬಂದ ದುಡ್ಡು ಕಾಡುಸೀಮೆಯ ಮಿಶನ್ ಕೆಲಸಕ್ಕೆ ಹೋಗುತ್ತದೆ ಎಂದು ಭಾನುವಾರ ಹೇಳಿದರು. ಕರಪತ್ರವನ್ನು ದೇವದಾಸನೇ ಪ್ರೆಸ್ಸಿನಲ್ಲಿ ಮಾಡಿಸಿದ. ಸಭಾಪಾಲಕರು ಮಿಷನ್ ಎಂದು ಬರೆದುಕೊಟ್ಟಿದ್ದರು. ಇವನು ಅದನ್ನು ಬಿಡುತ್ತಾನೆಯೇ? ನಮ್ಮ ಹಳೇ ಪುಸ್ತಕಗಳಲ್ಲೆಲ್ಲ ಮಿಶನ್ ಅಂತಲೇ ಇರುವುದು ಎಂದು ಷಕಾರ ಹೊಡೆದು ಶಕಾರ ಕೂರಿಸಿದ.

ಕೊಡುವುದಕ್ಕೆ ಏನಾದರೂ ಸಿಕ್ಕೀತೇ ಎಂದು ಆ ವಾರ ಅಣ್ಣಮ್ಮನ ಟ್ರಂಕು ತೆಗೆದ. ಮೇಲೆಯೇ, ಹಳೇ ಟವೆಲಿನಲ್ಲಿ ಸುತ್ತಿದ ಒಂದು ಗಂಟು. ಒಳಗೆ ಅವಳ ಮದುವೆಯ ಬಿಳಿ ರೇಷ್ಮೆ ಸೀರೆ. ಗುಂಡುಸೂಜಿಯಿಂದ ಚುಚ್ಚಿದ ಚೀಟಿಯಲ್ಲಿ ಅವಳದೇ ಗುಂಡು ಅಕ್ಷರದಲ್ಲಿ ಒಂದೇ ಮಾತು, 'ಮಿಷನ್‌ಗೆ'.

ದೇವದಾಸ ಚೀಟಿ ಹಿಡಿದು ಮಂಚದ ಮೇಲೆ ಕೂತ. ಅಣ್ಣಮ್ಮ ಮಿಶನ್ ಬೋರ್ಡಿಂಗಿನಲ್ಲಿ ಬೆಳೆದ ಅನಾಥೆ. ಆ ಸೀರೆ ಕೊಡಿಸಿದ್ದೂ ಬೋರ್ಡಿಂಗ್ ನೋಡಿಕೊಳ್ಳುತ್ತಿದ್ದ ದೊಡ್ಡಮ್ಮನವರೇ. ಎಲ್ಲಿಂದ ಬಂತೋ ಅಲ್ಲಿಗೇ ಹೋಗಲಿ ಅಂದುಕೊಂಡಳೇನೋ. ಮಗಳಿಗಾದರೂ ಇಡಬಾರದಿತ್ತೇ ಎಂದು ಗೊಣಗಿಕೊಂಡ. ಆದರೆ ಸತ್ತವಳ ಕೊನೇ ಇಚ್ಛೆ, ಮೀರುವುದಕ್ಕೆ ನಾನು ಯಾರು ಅನ್ನಿಸಿತು. ಅಳುತ್ತಿದ್ದಂತೆಯೇ ಕೈ ತನ್ನಷ್ಟಕ್ಕೆ ಜೇಬಿನಿಂದ ಪೆನ್ಸಿಲ್ ತೆಗೆಯಿತು. ಷ ಹೊಡೆದು ಪಕ್ಕದಲ್ಲಿ ಶ ಬರೆದ. ಚೀಟಿಯನ್ನು ಸತ್ಯವೇದ ಪುಸ್ತಕದ ಹಾಳೆಗಳ ನಡುವೆ ಇಟ್ಟುಕೊಂಡ.

ಸೇಲಿನ ದಿನ ಶೆಡ್ಡಿನ ತುಂಬ ಹಿತ್ತಾಳೆ ಚೊಂಬು, ಕಾಲು ಮುರಿದ ಕುರ್ಚಿ, ಯಾರದೋ ಸತ್ತ ರೇಡಿಯೋ. ಬಿಳಿ ಸೀರೆಯನ್ನು ಯಾರೂ ಮುಟ್ಟಲಿಲ್ಲ. ಮಧ್ಯಾಹ್ನದ ಮೇಲೆ ಭೈರಸಂದ್ರದಿಂದ ಹಾಲು ಹಾಕುವ ಮುನಿಲಕ್ಷ್ಮಮ್ಮ ಬಂದಳು. ಸೆರಗನ್ನು ಬೆರಳಲ್ಲಿ ಹಿಡಿದು ನೋಡಿ, ನಮ್ಮತ್ತೆ ಗಂಡ ಸತ್ತಾಗಿನಿಂದ ಬಿಳಿಯದೇ ಉಡೋದು, ರೇಷ್ಮೆ ಅಂತ ಮೈಮೇಲೆ ಬಿದ್ದದ್ದೇ ಇಲ್ಲ, ಆಕೆಗೆ ಆಗುತ್ತೆ ಎಂದಳು. ದೇವದಾಸನೇ ಮಡಿಸಿ ಕಾಗದದಲ್ಲಿ ಸುತ್ತಿಕೊಟ್ಟ. ಅಣ್ಣಮ್ಮ ಹೇಳಿದ್ದು ಮಾಡಿದೆ ಎಂಬ ಸಮಾಧಾನದಲ್ಲಿ ಅವತ್ತು ಹೊಟ್ಟೆ ತುಂಬ ಊಟ ಮಾಡಿದ.

ದಸರಾ ರಜೆಗೆ ರೂತ್ ಬಂದಳು. ಬಂದವಳೇ ಟ್ರಂಕು ತೆಗೆದು ಕೆದಕಿದಳು. ಅಮ್ಮನ ಬಿಳಿ ಸೀರೆ ಎಲ್ಲಿ ಎಂದು ಕೇಳಿದಳು. ದೇವದಾಸ ನಡೆದದ್ದನ್ನೆಲ್ಲ ಹೇಳಿದ, ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ. ಅವಳು ತನ್ನ ಚೀಲದಿಂದ ಒಂದು ಇನ್‌ಲ್ಯಾಂಡ್ ಪತ್ರ ತೆಗೆದುಕೊಟ್ಟಳು. ಮೇ ತಿಂಗಳಲ್ಲಿ ಅಣ್ಣಮ್ಮ ಬರೆದದ್ದು. ನನ್ನ ಮದುವೆ ಸೀರೆಯ ಅಂಚು ಹಳದಿಯಾಗಿದೆ, ಹೊಸ ಲೇಸು ತಂದಿದ್ದೇನೆ, ಸೀರೆ ಮಿಷನ್‌ಗೆ ಎಂದು ಕಟ್ಟಿಟ್ಟಿದ್ದೇನೆ, ನೀನು ಬಂದ ಮೇಲೆ ಹೊಲಿಯುತ್ತೇನೆ, ಅದನ್ನೇ ಉಟ್ಟು ಚರ್ಚಿಗೆ ನಡಿ.

"ಹೊಲಿಗೆ ಮಿಷನ್‌ಗೆ ಅಪ್ಪಾ," ಎಂದಳು ರೂತ್. "ಹೊಲಿಯೋದಕ್ಕೆ ಇಟ್ಟ ಬಟ್ಟೆಗೆಲ್ಲ ಅಮ್ಮ ಹಂಗೇ ಚೀಟಿ ಚುಚ್ತಿದ್ಲಲ್ಲ. ನೀವು ನೋಡೇ ಇಲ್ವಾ?"

ಬೆಳಿಗ್ಗೆ ಏಳಕ್ಕೆ ಹೋಗಿ ಸಂಜೆ ಏಳಕ್ಕೆ ಬರುವ ಗಂಡಸು, ಹೆಂಡತಿ ಕಿಟಕಿ ಪಕ್ಕ ಮಿಷನ್ ತುಳಿಯುವ ಮೂಲೆಯನ್ನು ಯಾವತ್ತು ನೋಡಿದ್ದ? ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟ. ದಾರಿಯಲ್ಲಿ ಅಂಗಡಿ ಹೊಕ್ಕು ಬೇರೆ ಒಂದು ಬಿಳಿ ಸೀರೆ ಕೊಂಡ. ಇದನ್ನು ಕೊಟ್ಟು ಅದನ್ನು ಕೇಳಿ ತರುವುದು, ಬೇಕಾದರೆ ಕಾಲು ಹಿಡಿಯುವುದು ಎಂದುಕೊಂಡು ಭೈರಸಂದ್ರದವರೆಗೂ ದಾಪುಗಾಲು ಹಾಕಿದ.

ಮುನಿಲಕ್ಷ್ಮಮ್ಮ ಜಗಲಿ ಮೇಲೆ ಕೂತಿದ್ದಳು. ಕಣ್ಣು ಊದಿತ್ತು. ಅತ್ತೆ ಸೊಣ್ಣಮ್ಮ ಹೋದ ಮಂಗಳವಾರ ತೀರಿಕೊಂಡಳೆಂದು ಅವಳೇ ಹೇಳಿದಳು. ಮುದುಕಿ ಆ ಸೀರೆಯನ್ನು ಉಡಲೇ ಇಲ್ಲವಂತೆ. ತಲೆದಿಂಬಿನ ಕೆಳಗೆ ಇಟ್ಟುಕೊಂಡು, ಹೋಗುವಾಗ ಉಡಿಸು ಎಂದಿದ್ದಳಂತೆ.

"ಉಡಿಸಿ ಕಳಿಸ್ದೆ ಸಾರ್," ಎಂದಳು. "ಕೆರೆ ಹಿಂದೆ ನಮ್ಮ ತೋಟದಲ್ಲೇ ಮಣ್ಣು ಮಾಡಿದ್ವಿ. ಎಂಬತ್ತು ವರ್ಷದ ಮುದುಕಿ, ಮದುವೆ ಹೆಣ್ಣಂಗೆ ಕಾಣ್ತಿದ್ಲು. ನಿಮ್ಮ ಮನೆಯವ್ರಿಗೆ ಪುಣ್ಯ ಬರ್ಲಿ."

ದೇವದಾಸ ಕೈಯಲ್ಲಿದ್ದ ಪೊಟ್ಟಣವನ್ನು ಕಂಕುಳಿಗೆ ಸೇರಿಸಿಕೊಂಡ. ಏನು ಬಂದಿದ್ದು ಎಂದು ಅವಳು ಕೇಳಿದ್ದಕ್ಕೆ, ವಿಷಯ ತಿಳಿಯಿತು, ಮಾತಾಡಿಸಿಕೊಂಡು ಹೋಗೋಣ ಅಂತ ಬಂದೆ ಎಂದು ಸುಳ್ಳು ಹೇಳಿದ. ಅವಳು ಕೊಟ್ಟ ನೀರು ಕುಡಿದ. ವಾಪಸು ಬರುವಾಗ ನಾಲ್ಕು ಫರ್ಲಾಂಗು ದಾರಿ ಮುಗಿಯಲೇ ಇಲ್ಲ.

ರೂತ್ ಹೊಲಿಗೆ ಮಿಷನ್ ಮುಂದೆ, ತಾಯಿ ತಂದಿಟ್ಟಿದ್ದ ಲೇಸು ಹಿಡಿದು ಕೂತಿದ್ದಳು. ಅಪ್ಪನ ಮುಖ ನೋಡಿ ಎದ್ದು ನಿಂತಳು. ಒಬ್ಬ ಅಜ್ಜಿ ಉಟ್ಟುಕೊಂಡು ಹೋಗಿಬಿಟ್ಟಳು ಕಣಮ್ಮ, ಇನ್ನು ಸಿಗೋದಿಲ್ಲ ಎಂದ. ಅವಳು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಲೇಸಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, ಆ ಚೀಟಿಯಾದರೂ ನನಗೆ ಕೊಡಿ, ಮದುವೆ ದಿನ ರವಿಕೆಯೊಳಗೆ ಇಟ್ಟುಕೊಳ್ಳುತ್ತೇನೆ ಎಂದಳು.

ದೇವದಾಸ ಸತ್ಯವೇದದಿಂದ ಚೀಟಿ ತೆಗೆದ. ಷಕಾರದ ಎದೆಯ ಮೇಲೆ ತಾನೇ ಎಳೆದ ಗೆರೆ ಕಾಣಿಸಿತು. ಪೆನ್ಸಿಲ್ ತೆಗೆದು, ಅಕ್ಷರದ ಕೆಳಗೆ ಒಂದೊಂದಾಗಿ ಚುಕ್ಕೆ ಇಟ್ಟ. ಅದೇನಪ್ಪಾ ಎಂದು ರೂತ್ ಕೇಳಿದಳು.

"ನಿಮ್ಮಮ್ಮ ಬರೆದದ್ದೇ ಸರಿ ಅಂತ," ಎಂದ.

ಇಪ್ಪತ್ತೇಳು ವರ್ಷದಲ್ಲಿ ಆ ಮಾತನ್ನು ಅವನು ಅಣ್ಣಮ್ಮನಿಗೆ ಒಂದು ಸಲವೂ ಹೇಳಿರಲಿಲ್ಲ.