ಅನಸೂಯಾ ಹೊಕ್ಕ ಕೊರಿಯನ್ ಮನೆ

ಎರಡು ಸಾವಿರದ ಆರರಲ್ಲಿ ಸಿಡ್ನಿಯಿಂದ ಉಡುಪಿಗೆ ಹೊರಟಾಗ ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನಲ್ಲಿ ಒಂದು ಹಗಲು ಕಳೆಯಬೇಕಾಯಿತು. ಅಗ್ಗದ ಟಿಕೆಟಿನ ಮಹಿಮೆ. ಹಳೇ ಕೊರಿಯನ್ ಮನೆಗಳ ಕೇರಿಯನ್ನು ನೋಡೋಣವೆಂದಳು ನನ್ನ ಹೆಂಡತಿ ಅನಸೂಯಾ. ನನ್ನ ತಲೆಯಲ್ಲಿದ್ದದ್ದು ಒಂದೇ ಮನೆ. ಟೂಂಗಾಬಿಯ ಬಾಡಿಗೆ ಮನೆ ಬಿಟ್ಟು ಸ್ವಂತದ್ದು ಕೊಳ್ಳಲೆಂದು ಮೂರು ತಿಂಗಳು ಸಿಡ್ನಿಯೆಲ್ಲ ಅಲೆದು ಕ್ವೇಕರ್ಸ್ ಹಿಲ್‌ನ ಒಂದು ಮೂಲೆಯಲ್ಲಿ ಹಿಡಿದದ್ದು, ನಾಲ್ಕು ಬೆಡ್‌ರೂಮು, ಎರಡು ಕಾರಿನ ಗ್ಯಾರೇಜು. ಬೇಕೋ ಬೇಡವೋ ಎಂದು ಅಂದು ಸೋಲ್ ಗಡಿಯಾರದ ಮೂರು ಗಂಟೆಯೊಳಗೆ ಏಜೆಂಟನಿಗೆ ತಿಳಿಸಬೇಕಿತ್ತು. ಇವಳೋ, ಹೂಂ ಎನ್ನಳು, ಊಹೂಂ ಎನ್ನಳು.

ನವೆಂಬರಿನ ಬಿಸಿಲು ಹಿತವಾಗಿತ್ತು. ಏರುದಾರಿಯ ಎರಡೂ ಕಡೆ ಬೂದುಹೆಂಚಿನ ಮನೆಗಳು, ತುದಿಯಲ್ಲಿ ಮೇಲಕ್ಕೆ ಬಾಗಿದ ಸೂರು, ಕಾಗದ ಅಂಟಿಸಿದ ಮರದ ಕಿಟಕಿಗಳು. ಒಂದು ಮನೆಯ ಒಗ್ಗರಣೆಗೆ ಎದುರುಮನೆಯವರು ಸೀನಬೇಕು, ಅಷ್ಟು ಹತ್ತಿರ. ನಾನು ಏದುಸಿರು ಬಿಡುತ್ತಲೇ ಗ್ಯಾರೇಜಿನ ಗುಣಗಾನ ಮಾಡಿದೆ. ಅವಳ ಕಿವಿಗೆ ಅದು ಬಿದ್ದಂತೆ ಕಾಣಲಿಲ್ಲ.

ಒಂದು ಮನೆಯ ಬಾಗಿಲು ತೆರೆದಿತ್ತು. ಒಳಗಿನ ಮೆಟ್ಟಿಲ ಬಳಿ ಹತ್ತು ಹದಿನೈದು ಜೊತೆ ಚಪ್ಪಲಿ. ನಮ್ಮೂರಲ್ಲಿ ಚಪ್ಪಲಿಯ ರಾಶಿ ಕಂಡರೆ ಅಲ್ಲೇನೋ ಕಾರ್ಯಕ್ರಮವಿದೆ, ಯಾರು ಬೇಕಾದರೂ ಹೋಗಬಹುದು ಎಂದರ್ಥ. ಅನಸೂಯಾ ಚೀಲವನ್ನು ನನ್ನ ಕೈಗೆ ತುರುಕಿ, ಚಪ್ಪಲಿ ಕಳಚಿ ಒಳಗೆ ಹೋಗಿಯೇಬಿಟ್ಟಳು. ಆಮೇಲಷ್ಟೇ ನಾನು ಗೋಡೆಯ ಇಂಗ್ಲಿಷ್ ಬೋರ್ಡು ಓದಿದೆ. ಇದು ವಾಸದ ಮನೆ, ದಯವಿಟ್ಟು ಒಳಗೆ ಬರಬೇಡಿ.

ನನ್ನ ಮಾನ ಹರಾಜಾಯಿತು ಎಂದುಕೊಂಡು ಇಣುಕಿದೆ. ಹೆಂಗಸರು ನೆಲದ ಮೇಲೆ ಕೂತು, ಚಳಿಗಾಲಕ್ಕೆಂದು ಎಲೆಕೋಸಿಗೆ ಕೆಂಪು ಮೆಣಸಿನ ಮಸಾಲೆ ಸವರುತ್ತಿದ್ದರು. ಒಂದು ಕ್ಷಣ ಎಲ್ಲರೂ ಕೈ ನಿಲ್ಲಿಸಿ ಇವಳನ್ನು ನೋಡಿದರು. ಆಮೇಲೆ ಒಬ್ಬ ಅಜ್ಜಿ ನಕ್ಕು, ಸರಿದು ಜಾಗ ಕೊಟ್ಟು, ಕೈಗವಸು ಕೊಟ್ಟಳು. ಇವಳು ಕೂತಳು. ಅವರು ಕೊರಿಯನ್‌ನಲ್ಲಿ, ಇವಳು ತುಳುವಿನಲ್ಲಿ, ಮಾತಿಗೆ ಮಾತ್ರ ಬರವಿರಲಿಲ್ಲ. ಅನಸೂಯಾ ಹಾಗೆ ಬಾಯ್ತುಂಬ ನಕ್ಕದ್ದನ್ನು ನೋಡಿ ಎಷ್ಟು ಕಾಲವಾಗಿತ್ತೋ. ನನಗೆ ಸಂತೋಷವೂ ಆಯಿತು, ಹೊಟ್ಟೆಕಿಚ್ಚೂ ಆಯಿತು.

ಮೂರಕ್ಕೆ ಹತ್ತು ನಿಮಿಷವಿದ್ದಾಗ ಹೊರಬಂದಳು. ಏಜೆಂಟನಿಗೆ ಏನು ಹೇಳಲಿ ಎಂದು ಕೇಳಿದೆ.

"ನೀವು ನೋಡಿದ ಮನೆ ಚಂದ ಉಂಟು ಮಾರಾಯ್ರೆ," ಎಂದಳು. "ಆದ್ರೆ ನೀವು ಕಾರು ತಕೊಂಡು ಹೋದ ಮೇಲೆ ನಾನು ಯಾರೊಟ್ಟಿಗೆ ಮಾತಾಡುದು? ಟೂಂಗಾಬಿಯಲ್ಲಾದ್ರೆ ನಮ್ಮೂರ ಗೌರಕ್ಕನ ಮನೆಗೆ ನಡ್ಕೊಂಡು ಹೋಗ್ತೇನೆ."

ಮೂರು ತಿಂಗಳು ಗೋಡೆ ತಟ್ಟಿ, ನಲ್ಲಿ ತಿರುಗಿಸಿ ನೋಡಿದ್ದೆ. ಹಗಲೆಲ್ಲ ಅವಳು ಅಲ್ಲಿ ಏನು ಮಾಡುತ್ತಾಳೆಂದು ಒಮ್ಮೆಯೂ ಯೋಚಿಸಿರಲಿಲ್ಲ. ನಾಚಿಕೆಯಾಯಿತು. ಬೀದಿಯ ಕೊನೆಯ ಫೋನ್ ಬೂತಿಗೆ ಹೋಗಿ ಮನೆ ಬೇಡವೆಂದೆ. ಏಜೆಂಟ್ ಕಂಗಾಲಾದ. ನಾಲ್ಕು ಬೆಡ್‌ರೂಮು, ದೊಡ್ಡ ಹಿತ್ತಿಲು, ಇನ್ನೇನು ಕಡಿಮೆಯಾಯಿತು ಎಂದು ಕೇಳಿದ.

"ಪಕ್ಕದ ಮನೆ," ಎಂದೆ.